ಹೂವು, ದುಂಬಿ ಮತ್ತು ವಿದ್ಯುತ್ತು

ಚಳಿಗಾಲದ ಒಣಹವೆಯಲ್ಲಿ, ದೀಪ ಆರಿಸಿದ ಕೋಣೆಯಲ್ಲಿ ಸ್ವೆಟರ್ ಕಳಚಿದರೆ ಚಟಚಟ ಸದ್ದಿನ ಜೊತೆಗೆ ಪುಟ್ಟ ಕಿಡಿಗಳೂ ಕಾಣುತ್ತವೆ. ಮಳೆಗಾಲದಲ್ಲಿ ಅದೇ ಸ್ವೆಟರ್ ಸುಮ್ಮನಿರುತ್ತದೆ. ಬಟ್ಟೆಗೆ ಬಟ್ಟೆ ತಿಕ್ಕಿದಾಗ ಒಂದರ ಕೆಲವು ಎಲೆಕ್ಟ್ರಾನುಗಳು ಇನ್ನೊಂದಕ್ಕೆ ದಾಟುತ್ತವೆ. ಕಳೆದುಕೊಂಡದ್ದಕ್ಕೆ ಧನ ಆವೇಶ, ಪಡೆದದ್ದಕ್ಕೆ ಋಣ ಆವೇಶ. ಹವೆಯಲ್ಲಿ ತೇವವಿದ್ದರೆ ಈ ಆವೇಶ ಬೇಗ ಸೋರಿಹೋಗುತ್ತದೆ. ಒಣಹವೆಯಲ್ಲಿ ಅದು ಕೂಡುತ್ತಲೇ ಹೋಗಿ, ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್ ಮುಟ್ಟಿದಾಗ ಗಾಳಿಯನ್ನೇ ಸೀಳಿ ಹಾರುತ್ತದೆ.

ಕಿಡಿಯಲ್ಲಿ ಹರಿಯುವ ಆವೇಶ ಅತ್ಯಲ್ಪ, ಹಾಗಾಗಿ ಮೈಗೆ ಚುರುಕ್ ಎನ್ನುವುದಷ್ಟೇ. ಪೆಟ್ರೋಲ್ ಆವಿಗೆ ಮಾತ್ರ ಅಷ್ಟು ಸಾಕು. ಟ್ಯಾಂಕರಿನಿಂದ ಇಂಧನ ಇಳಿಸುವ ಮೊದಲು ಅರ್ಥಿಂಗ್ ತಂತಿ ಜೋಡಿಸುವುದು ಅದಕ್ಕೇ.

ಗುಡುಗುಮೋಡದೊಳಗೂ ಇಂಥದ್ದೇ ತಿಕ್ಕಾಟ ನಡೆದಿರುತ್ತದೆ. ಹಗುರ ಹಿಮದ ಹರಳುಗಳು ಪುಟ್ಟ ಆಲಿಕಲ್ಲುಗಳಿಗೆ ಡಿಕ್ಕಿ ಹೊಡೆದು, ಸಾಮಾನ್ಯವಾಗಿ ಧನ ಆವೇಶ ಹೊತ್ತು ಮೋಡದ ನೆತ್ತಿಗೇರುತ್ತವೆ. ಋಣ ಆವೇಶ ಕೆಳಗುಳಿಯುತ್ತದೆ. ಜಗತ್ತಿನ ಎಲ್ಲ ಗುಡುಗುಮಳೆಗಳೂ ಸೇರಿ ನೆಲವನ್ನು ಋಣವಾಗಿ, ಮೇಲಿನ ವಾಯುಮಂಡಲವನ್ನು ಧನವಾಗಿ ಇಡುತ್ತವೆ. ಆದ್ದರಿಂದಲೇ ಮೋಡವಿಲ್ಲದ ದಿನವೂ ಬಯಲಿನಲ್ಲಿ ಮೀಟರಿಗೆ ಸುಮಾರು 100 ವೋಲ್ಟಿನ ವಿದ್ಯುತ್ ಕ್ಷೇತ್ರ ಇದ್ದೇ ಇರುತ್ತದೆ. ಮನುಷ್ಯನಿಗೆ ಅದು ಗೊತ್ತೇ ಆಗುವುದಿಲ್ಲ.

ದುಂಬಿಗೆ ಗೊತ್ತಾಗುತ್ತದೆ. ಹಾರುವಾಗ ಗಾಳಿಯ ತಿಕ್ಕಾಟದಿಂದ ಅದರ ಮೈಮೇಲೆ ಸಾಮಾನ್ಯವಾಗಿ ಧನ ಆವೇಶ ಕೂಡುತ್ತದೆ. ನೆಲಕ್ಕೆ ಬೇರಿಳಿಸಿದ ಗಿಡದ ಹೂವು ತುಸು ಋಣ. ಎರಡೂ ಹತ್ತಿರವಾದಾಗ ಪರಾಗದ ಕಣಗಳು ದುಂಬಿ ಮುಟ್ಟುವ ಮೊದಲೇ ಅದರ ಮೈಗೆ ನೆಗೆಯಬಲ್ಲವು. ಇದಕ್ಕಿಂತ ಸೊಗಸಾದ ಸಂಗತಿಯನ್ನು ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಡ್ಯಾನಿಯಲ್ ರಾಬರ್ಟ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದರು. ನೋಡಲು ಒಂದೇ ತೆರನಾದ ಕೃತಕ ಹೂಗಳಲ್ಲಿ ಕೆಲವಕ್ಕೆ 30 ವೋಲ್ಟ್ ಕೊಟ್ಟು ಸಕ್ಕರೆ ನೀರಿಟ್ಟರು. ವೋಲ್ಟ್ ಇಲ್ಲದವುಗಳಲ್ಲಿ ಕಹಿ ಕ್ವಿನೈನ್. ಬಂಬಲ್‌ಬೀ ಜಾತಿಯ ದುಂಬಿಗಳು ಸಿಹಿ ಹೂವನ್ನು ಆರಿಸಲು ಕಲಿತವು. ವಿದ್ಯುತ್ ತೆಗೆದೊಡನೆ ಅವುಗಳ ಆಯ್ಕೆ ಮತ್ತೆ ಕುರುಡಾಯಿತು! ಬಣ್ಣ, ಪರಿಮಳಗಳ ಜೊತೆಗೆ ಹೂವಿಗೆ ಮೂರನೆಯದೊಂದು ಗುರುತೂ ಇದೆಯೆಂಬುದು ಹೀಗೆ ತಿಳಿಯಿತು. ದುಂಬಿ ಬಂದು ಕೂತಾಗ ಪೆಟೂನಿಯಾ ಗಿಡದ ವಿದ್ಯುತ್ ಮಟ್ಟ ತುಸು ಬದಲಾಗುತ್ತದೆ, ದುಂಬಿ ಹೋದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಇರುತ್ತದೆ. ಈಗಷ್ಟೇ ಯಾರೋ ಬಂದುಹೋದ ಹೂವೆಂದು ಮುಂದಿನ ದುಂಬಿಗೆ ಇದರಿಂದ ತಿಳಿಯಬಹುದೆಂಬುದು ಸಂಶೋಧಕರ ಊಹೆ. ಕ್ಷೇತ್ರವನ್ನು ಅರಿಯುವುದು ದುಂಬಿಯ ಮೈಮೇಲಿನ ರೋಮಗಳು. ಹೂವಿನ ಸಮೀಪ ಅವು ಬಾಗುತ್ತವೆ.

ಜೇಡಗಳದು ಇನ್ನೊಂದು ಬಗೆ. 1832ರಲ್ಲಿ ದಕ್ಷಿಣ ಅಮೆರಿಕದ ಕರಾವಳಿಯಿಂದ ಸುಮಾರು 60 ಮೈಲಿ ದೂರದಲ್ಲಿದ್ದ ಬೀಗಲ್ ಹಡಗಿನ ಮೇಲೆ ಪುಟ್ಟ ಜೇಡಗಳು ಬಂದಿಳಿದುದನ್ನು ಡಾರ್ವಿನ್ ಬರೆದಿಟ್ಟ. ಎಳೆ ಬಿಟ್ಟು ಗಾಳಿಯಲ್ಲಿ ತೇಲಿ ಬಂದ ಜೇಡಗಳವು. 2018ರಲ್ಲಿ ಬ್ರಿಸ್ಟಲ್‌ನ ಎರಿಕಾ ಮೋರ್ಲಿ ಮತ್ತು ರಾಬರ್ಟ್, ಗಾಳಿಯಾಡದ ಪೆಟ್ಟಿಗೆಯಲ್ಲಿ ಜೇಡಗಳನ್ನಿಟ್ಟು ವಾಯುಮಂಡಲದಷ್ಟೇ ವಿದ್ಯುತ್ ಕ್ಷೇತ್ರ ಕೊಟ್ಟರು. ಜೇಡಗಳು ತುದಿಗಾಲಲ್ಲಿ ನಿಂತು, ಹೊಟ್ಟೆಯೆತ್ತಿ ಎಳೆ ಬಿಟ್ಟವು. ಕೆಲವು ತೇಲಿಯೂ ಬಿಟ್ಟವು. ಕ್ಷೇತ್ರ ಹಾಕಿದರೆ ಮೇಲೇರುತ್ತಿದ್ದವು, ತೆಗೆದರೆ ಕೆಳಗಿಳಿಯುತ್ತಿದ್ದವು. ಬಯಲಿನಲ್ಲಿ ಗಾಳಿಯ ಬಲವೂ ಇದಕ್ಕೆ ಕೂಡಿಕೊಳ್ಳುತ್ತದೆ.