ಭಂಗಿಗಿಡದ ನುಸಿಯೂ ಔಷಧವಿವೇಕವೂ

ಸಂಸ್ಕೃತದಲ್ಲಿ ಭಂಗಾ ಎನಿಸಿದ ಭಂಗಿಗಿಡದ ಎಲೆಯಡಿಯಲ್ಲಿ ರಸಹೀರುವ ಜೇಡನುಸಿಯು ಎಂಟು ಕಾಲುಳ್ಳ ಜೇಡವರ್ಗದ ಜೀವಿ, ಕೀಟವಲ್ಲ. ಆದುದರಿಂದ ಕೀಟನಾಶಕಗಳೆಲ್ಲವೂ ಇದನ್ನು ಕೊಲ್ಲಲಾರವು. ನುಸಿನಾಶಕಗಳಲ್ಲಿಯೂ ಭೇದವುಂಟು: ಹೆಕ್ಸಿಥಯಾಜಾಕ್ಸ್ ಮೊಟ್ಟೆಮರಿಗಳಿಗೆ ಮಾರಕವಾದರೂ ಬೆಳೆದ ನುಸಿಯನ್ನು ಕೊಲ್ಲದು, ಬೈಫೆನಜೇಟ್ ಅದನ್ನೂ ಕೊಲ್ಲುವುದು. ಒಂದನ್ನೇ ಪದೇಪದೇ ಸಿಂಪಡಿಸಿದರೆ ನುಸಿಗೆ ನಿರೋಧಶಕ್ತಿ ಬರುವುದು.

ಆದರೆ ಇಲ್ಲಿ ಮಾರಕಶಕ್ತಿಯೊಂದೇ ಪ್ರಮಾಣವಾಗದು. ಹಣ್ಣನ್ನು ತೊಳೆದು ತಿನ್ನುವರು. ಭಂಗಿಯ ಹೂವನ್ನಾದರೋ ತೊಳೆಯದೆ ಸುಟ್ಟು ಸೇದುವರು. ಹೂವಿನಲ್ಲಿ ಉಳಿದ ವಿಷವು ಹೊಗೆಯೊಡನೆ ಶ್ವಾಸಕೋಶವನ್ನು ಸೇರಬಲ್ಲುದು. ಅಮೆರಿಕದ ಕೊಲೊರಾಡೊ ಸಂಸ್ಥಾನದಲ್ಲಿ 2014ರಲ್ಲಿ ವಿನೋದಾರ್ಥ ಮಾರಾಟವು ಆರಂಭವಾಗಲು, ಮರುವರ್ಷವೇ ಡೆನ್ವರ್ ನಗರದ ಅಧಿಕಾರಿಗಳು ಔಷಧಶೇಷದ ಶಂಕೆಯಿಂದ ಸಾವಿರಾರು ಗಿಡಗಳನ್ನು ತಡೆಹಿಡಿದರು. ಆದಕಾರಣ, ನುಸಿ ಹೆಚ್ಚುವ ಮುನ್ನವೇ ಫೈಟೊಸೀಯುಲಸ್ ಎಂಬ ಬೇಟೆನುಸಿಯನ್ನು ಬಿಟ್ಟು, ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದು ಉತ್ತಮಪಕ್ಷವೆನಿಸುವುದು.