ಮೊದಲು ಪ್ರತಿ, ಆಮೇಲೆ ಸ್ಕ್ರೂ

ಪ್ಲೇಸ್ಟೇಷನ್ 4 ಭಾರತದ ಮಾರುಕಟ್ಟೆಗೆ ಬಂದದ್ದು 2014ರ ಜನವರಿಯಲ್ಲಿ. ಆಗ ಕೊಂಡ ಕನ್ಸೋಲುಗಳಿಗೆ ಹತ್ತು ವರ್ಷ ದಾಟಿದೆ. ಇವುಗಳಲ್ಲಿ ಮೊದಲು ಸೋಲುವ ಭಾಗಗಳಲ್ಲೊಂದು ಒಳಗಿನ 500 ಜಿಬಿ ಹಾರ್ಡ್ ಡಿಸ್ಕ್. ಮೊದಮೊದಲು ಆಟ ತೆರೆದುಕೊಳ್ಳಲು ತಡವಾಗುತ್ತದೆ, ಬಳಿಕ ನಡುನಡುವೆ ಪರದೆ ನಿಂತುಬಿಡುತ್ತದೆ, ಕೊನೆಗೊಂದು ದಿನ ಸಿಇ-34335-8 ಎಂಬ ದೋಷಸಂಖ್ಯೆ ಕಾಣಿಸಿಕೊಳ್ಳುತ್ತದೆ. ಯಂತ್ರಕ್ಕೆ ತನ್ನ ಡಿಸ್ಕ್ ಸಿಗುತ್ತಿಲ್ಲ ಎಂದು ಇದರ ಅರ್ಥ. ಹೊಸ ಡಿಸ್ಕ್ ಕೂರಿಸುವುದು ಒಂದು ಸ್ಕ್ರೂಡ್ರೈವರ್ ಇದ್ದವರಿಗೆ ಕಾಲು ಗಂಟೆಯ ಕೆಲಸ. ಆದರೆ ಹಳೆಯ ಡಿಸ್ಕಿನಲ್ಲಿದ್ದದ್ದು ಹೊಸದಕ್ಕೆ ತಾನಾಗಿ ಬರುವುದಿಲ್ಲ. ಆಟಗಳನ್ನು ಇಂಟರ್ನೆಟ್ಟಿನಿಂದ ಮತ್ತೆ ಇಳಿಸಿಕೊಳ್ಳಿ, ಉಳಿದದ್ದು ಕ್ಲೌಡಿನಲ್ಲಿ ಇರುತ್ತದೆ ಎಂಬುದು ದೊಡ್ಡ ನಗರಗಳಲ್ಲಿ ಸಿಗುವ ಸಲಹೆ. ಯಾದಗಿರಿ, ಶಹಾಪುರ, ಸುರಪುರದಂಥ ಊರುಗಳಿಗೆ ಈ ಸಲಹೆ ಹೊಂದುವುದಿಲ್ಲ. ಇಲ್ಲಿ ಡಿಸ್ಕ್ ಬದಲಿಸುವವರು ನಂಬಬೇಕಾದದ್ದು ತಮ್ಮ ಕೈಯಲ್ಲೇ ಇರುವ ಪೂರ್ತಿ ಪ್ರತಿಯನ್ನು.

ಡಿಸ್ಕಿನಲ್ಲಿ ಇರುವುದೆಲ್ಲ ಒಂದೇ ಬೆಲೆಯದ್ದಲ್ಲ. ಜೋಳ ಬೆಳೆದ ರೈತ ಚೀಲ ಮಾರುವ ಮೊದಲು ಬಿತ್ತನೆಯ ಕಾಳನ್ನು ಬೇರೆ ಎತ್ತಿಡುವಂತೆ ಇಲ್ಲಿಯೂ ವಿಂಗಡಣೆ ಮೊದಲ ಕೆಲಸ. ಜಾಗದ ಬಹುಪಾಲು ತಿನ್ನುವುದು ಆಟಗಳೇ. ಒಂದೊಂದಕ್ಕೆ 40, 50, ಕೆಲವಕ್ಕೆ 100 ಜಿಬಿ ಬೇಕು. ಇವು ಮತ್ತೆ ಸಿಗುವ ವಸ್ತು. ಮತ್ತೆ ಸಿಗದಿರುವುದು ಸೇವ್, ಅಂದರೆ ಆಟಗಾರ ಎಲ್ಲಿಯವರೆಗೆ ಆಡಿದ್ದಾನೆ, ಏನೇನು ಗಳಿಸಿದ್ದಾನೆ ಎಂಬ ಲೆಕ್ಕ. ಒಂದು ಆಟದ ಸೇವ್ ಹೆಚ್ಚಾಗಿ ಕೆಲವು ಎಂಬಿಗಳಷ್ಟೇ ಇರುತ್ತದೆ, ಆದರೆ ಅದರ ಹಿಂದೆ ತಿಂಗಳುಗಟ್ಟಲೆ ಸಂಜೆಗಳಿರುತ್ತವೆ. ಆಟದ ನಡುವೆ ಉಳಿಸಿಕೊಂಡ ಚಿತ್ರ, ವಿಡಿಯೋಗಳೂ ಇದೇ ಸಾಲಿಗೆ ಸೇರುತ್ತವೆ. ಇಲ್ಲಿ ಹಲವರು ಎಡವುವ ಒಂದು ಜಾಗವಿದೆ. 2017ರ ಮಾರ್ಚ್‌ನಲ್ಲಿ ಬಂದ 4.50 ಆವೃತ್ತಿಯಿಂದ ಪಿಎಸ್4ಗೆ ಹೊರಗಿನ ಯುಎಸ್‌ಬಿ ಡಿಸ್ಕ್ ಜೋಡಿಸಿ ಆಟಗಳನ್ನು ಅದರಲ್ಲಿ ಇಡಬಹುದು. ಆಟ ಹೊರಗಿದೆ, ಹಾಗಾಗಿ ಒಳಗಿನ ಡಿಸ್ಕ್ ಕೆಟ್ಟರೂ ಚಿಂತೆಯಿಲ್ಲ ಎಂದುಕೊಳ್ಳುತ್ತಾರೆ. ಆದರೆ ಆಟ ಹೊರಗಿದ್ದರೂ ಅದರ ಸೇವ್ ಉಳಿಯುವುದು ಒಳಗಿನ ಡಿಸ್ಕಿನಲ್ಲೇ. ಒಳಗಿನದು ಕೆಟ್ಟರೆ ಹೊರಗೆ ಉಳಿಯುವುದು ಕಾಳಿಲ್ಲದ ಚೀಲ.

ಡಿಸ್ಕ್ ಏಕೆ ಕೆಡುತ್ತದೆ ಎಂಬುದನ್ನು ತಿಳಿದರೆ ಈ ಭಾಗದವರು ಏಕೆ ಮೊದಲೇ ಎಚ್ಚರ ವಹಿಸಬೇಕು ಎಂಬುದು ಅರ್ಥವಾಗುತ್ತದೆ. ಪಿಎಸ್4ರ ಡಿಸ್ಕ್ ಲ್ಯಾಪ್‌ಟಾಪ್‌ಗಳಲ್ಲಿ ಬಳಸುವ 2.5 ಇಂಚಿನದ್ದು. ಅದರೊಳಗಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಓದುವ ತಲೆ ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲುತ್ತದೆ. ಇಂಥ ಡಿಸ್ಕುಗಳಿಗೆ ತಯಾರಕರು ಹೇಳುವ ಬಿಸಿಯ ಮಿತಿ ಸಾಮಾನ್ಯವಾಗಿ 60 ಡಿಗ್ರಿ ಆಸುಪಾಸು. ಏಪ್ರಿಲ್, ಮೇ ತಿಂಗಳಲ್ಲಿ ಯಾದಗಿರಿ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಗಾಳಿಯಾಡದ ಟಿವಿ ಕಪಾಟಿನೊಳಗೆ ಯಂತ್ರ ತನ್ನದೇ ಬಿಸಿಯನ್ನು ಅದಕ್ಕೆ ಸೇರಿಸುತ್ತದೆ. ಸುಗ್ಗಿಯ ಕಾಲದಲ್ಲಿ ತೊಗರಿ, ಹತ್ತಿಯ ಧೂಳು ಫ್ಯಾನಿಗೆ ಮೆತ್ತಿಕೊಂಡರೆ ಆ ಬಿಸಿ ಹೊರಹೋಗುವ ದಾರಿಯೂ ಕಟ್ಟುತ್ತದೆ. ಇದಕ್ಕೆ ಜೊತೆಯಾಗಿ ಕರೆಂಟ್ ಹೋಗುವುದು. ಡಿಸ್ಕ್ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಅರ್ಧ ಬರೆದದ್ದು ಅರ್ಧವಾಗಿಯೇ ಉಳಿಯುತ್ತದೆ. ಮತ್ತೆ ಆನ್ ಮಾಡಿದಾಗ ಯಂತ್ರವನ್ನು ಸರಿಯಾಗಿ ಆಫ್ ಮಾಡಿಲ್ಲ ಎಂಬ ಸೂಚನೆ ತೋರಿಸಿ, ಪಿಎಸ್4 ತನ್ನ ಡಿಸ್ಕನ್ನು ತಾನೇ ಪರೀಕ್ಷಿಸಿಕೊಳ್ಳುವುದು ಇದಕ್ಕಾಗಿಯೇ. ಆ ಸೂಚನೆ ಪದೇಪದೇ ಬರುತ್ತಿರುವ ಮನೆಯಲ್ಲಿ ಪ್ರತಿ ಮಾಡಿಕೊಳ್ಳುವ ಕೆಲಸವನ್ನು ಮುಂದೂಡಬಾರದು.

ಈಗ ಕ್ಲೌಡಿನ ಮಾತು. ಸೋನಿ ಕಂಪನಿ ಸೇವ್‌ಗಳನ್ನು ಕ್ಲೌಡಿನಲ್ಲಿ ಇಡುತ್ತದೆ, ನಿಜ. ಆದರೆ ಪ್ಲೇಸ್ಟೇಷನ್ ಪ್ಲಸ್ ಚಂದಾ ಕಟ್ಟಿದವರಿಗೆ ಮಾತ್ರ. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್‌ನಲ್ಲಿ ಇದೇ ಸೌಲಭ್ಯವನ್ನು ಚಂದಾ ಇಲ್ಲದೆ ಕೊಡುತ್ತದೆ. ಸೇವ್ ಚಿಕ್ಕದಾದ್ದರಿಂದ ಚಂದಾ ಇರುವವರಿಗೆ ಕ್ಲೌಡ್ ಒಳ್ಳೆಯ ಎರಡನೇ ಆಸರೆ. ಸಮಸ್ಯೆ ಇರುವುದು ಆಟಗಳನ್ನು ಮತ್ತೆ ಇಳಿಸಿಕೊಳ್ಳುವುದರಲ್ಲಿ. ಡಿಸ್ಕಿನಲ್ಲಿ 400 ಜಿಬಿ ಆಟಗಳಿವೆ ಎಂದುಕೊಳ್ಳೋಣ. 40 ಎಂಬಿಪಿಎಸ್ ಫೈಬರ್ ಸಂಪರ್ಕ ಒಮ್ಮೆಯೂ ಕೈಕೊಡದೆ ಪೂರ್ತಿ ವೇಗದಲ್ಲಿ ನಡೆದರೂ ಅದಕ್ಕೆ 22 ಗಂಟೆ ಬೇಕು. ಮೊಬೈಲ್ ಹಾಟ್‌ಸ್ಪಾಟ್ ನಂಬಿದವರು ದಿನಕ್ಕೆ 2 ಜಿಬಿ ಪ್ಯಾಕಿನಲ್ಲಿ 200 ದಿನ ಕಾಯಬೇಕು. ಅದೇ 400 ಜಿಬಿಯನ್ನು ಯುಎಸ್‌ಬಿ ಡಿಸ್ಕಿನಿಂದ ಮರಳಿ ತುಂಬಲು ಸಾಕಾಗುವುದು ಕೆಲವೇ ಗಂಟೆ. ನಮ್ಮದು ಡಿಸ್ಕಿನಲ್ಲಿ ಕೊಂಡ ಆಟ, ಮತ್ತೆ ಹಾಕಿಕೊಂಡರಾಯಿತು ಎನ್ನುವವರಿಗೂ ಪೂರ್ತಿ ಬಿಡುಗಡೆಯಿಲ್ಲ. ಬ್ಲೂ-ರೇ ಡಿಸ್ಕಿನಲ್ಲಿರುವುದು ಬಿಡುಗಡೆಯ ದಿನದ ಆಟ. ಆಮೇಲೆ ಬಂದ ಅಪ್‌ಡೇಟ್‌ಗಳನ್ನೆಲ್ಲ ಇಂಟರ್ನೆಟ್ಟಿನಿಂದಲೇ ತರಬೇಕು.

ಮತ್ತೆ ಇಳಿಸಿಕೊಳ್ಳಬಹುದು ಎಂಬ ಭರವಸೆಯೇ ಎಂದೆಂದಿಗೂ ನಿಲ್ಲುವಂಥದ್ದಲ್ಲ. 2014ರ ಆಗಸ್ಟ್‌ನಲ್ಲಿ ಪಿಎಸ್4ಗೆ ಉಚಿತವಾಗಿ ಬಂದ 'ಪಿ.ಟಿ.' ಎಂಬ ಭಯಾನಕ ಆಟವನ್ನು 2015ರ ಏಪ್ರಿಲ್‌ನಲ್ಲಿ ಅಂಗಡಿಯಿಂದ ತೆಗೆದುಹಾಕಲಾಯಿತು. ಡಿಸ್ಕಿನಿಂದ ಅಳಿಸಿಕೊಂಡವರಿಗೆ ಆಮೇಲೆ ಆ ಅಂಗಡಿಯಲ್ಲಿ ಅದು ಸಿಗಲಿಲ್ಲ. ಎಕ್ಸ್‌ಬಾಕ್ಸ್ 360ರ ಅಂಗಡಿ 2024ರ ಜುಲೈನಲ್ಲಿ ಮಾರಾಟ ನಿಲ್ಲಿಸಿತು. ಇಂದು ಇರುವ ಸರ್ವರ್ ನಾಳೆಯೂ ಇರಬೇಕೆಂಬ ನಿಯಮವಿಲ್ಲ. ಮನೆಯ ಕಪಾಟಿನಲ್ಲಿರುವ ಪ್ರತಿ ಯಾವ ಕಂಪನಿಯ ತೀರ್ಮಾನಕ್ಕೂ ಕಾಯುವುದಿಲ್ಲ.

ಹಾಗಾದರೆ ಕೆಲಸದ ಕ್ರಮ ಹೇಗೆ? ಒಳಗಿರುವುದನ್ನೆಲ್ಲ ಹಿಡಿಸುವಷ್ಟು ದೊಡ್ಡ ಯುಎಸ್‌ಬಿ ಡಿಸ್ಕ್ ಒಂದು ಬೇಕು. ಅದು ಎಫ್‌ಎಟಿ32 ಅಥವಾ ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ವಿಂಡೋಸ್ ಕಂಪ್ಯೂಟರಿನಲ್ಲಿ ಸಾಮಾನ್ಯವಾದ ಎನ್‌ಟಿಎಫ್‌ಎಸ್ ಅನ್ನು ಪಿಎಸ್4 ಓದುವುದಿಲ್ಲ. ಮೊದಲು ಟ್ರೋಫಿಗಳನ್ನು ನೆಟ್‌ವರ್ಕ್‌ಗೆ ಸಿಂಕ್ ಮಾಡಬೇಕು, ಏಕೆಂದರೆ ಬ್ಯಾಕಪ್‌ನಲ್ಲಿ ಅವು ಸೇರುವುದಿಲ್ಲ. ಬಳಿಕ ಸೆಟ್ಟಿಂಗ್ಸ್‌ನ ಸಿಸ್ಟಂ ವಿಭಾಗದಲ್ಲಿರುವ ಬ್ಯಾಕಪ್ ಆಯ್ಕೆಗೆ ಹೋಗಬೇಕು. ಡಿಸ್ಕ್ ಚಿಕ್ಕದಿದ್ದರೆ ಆಟಗಳನ್ನು ಬಿಟ್ಟು ಉಳಿದದ್ದನ್ನಷ್ಟೇ ಆಯ್ದುಕೊಳ್ಳಲು ಅಲ್ಲೇ ಅವಕಾಶವಿದೆ. ಪೂರ್ತಿ ಬ್ಯಾಕಪ್‌ಗೆ ಹಲವು ಗಂಟೆ ಹಿಡಿಯುತ್ತದೆ. ಅದಕ್ಕೆ ಯಂತ್ರವನ್ನು ಮನೆಯ ಇನ್ವರ್ಟರ್‌ಗೆ ಜೋಡಿಸುವುದು, ಜೆಸ್ಕಾಂನ ವಿದ್ಯುತ್ ವ್ಯತ್ಯಯದ ಪ್ರಕಟಣೆ ಇರುವ ದಿನವನ್ನು ಬಿಟ್ಟು ಬೇರೆ ದಿನ ಆರಿಸುವುದು ಜಾಣತನ. ಇಷ್ಟರ ಜೊತೆಗೆ ಸೇವ್‌ಗಳನ್ನು ಮಾತ್ರ ಬೇರೊಂದು ಪೆನ್ ಡ್ರೈವಿಗೂ ನಕಲು ಮಾಡಿಡಿ. ದೊಡ್ಡ ಬ್ಯಾಕಪ್ ಕೈಕೊಟ್ಟರೂ ಬಿತ್ತನೆಯ ಕಾಳು ಉಳಿದಿರುತ್ತದೆ.

ಇದಾದ ಮೇಲೆಯೇ ಸ್ಕ್ರೂಡ್ರೈವರ್. ವೈರುಗಳನ್ನೆಲ್ಲ ಕಿತ್ತಿಟ್ಟು, ಲೋಹದ ವಸ್ತುವೊಂದನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಳ್ಳಬೇಕು. ಮೊದಲ ಮಾದರಿಯ ಪಿಎಸ್4ರಲ್ಲಿ ಮೇಲಿನ ಹೊಳೆಯುವ ಮುಚ್ಚಳವನ್ನು ಪಕ್ಕಕ್ಕೆ ಸರಿಸಿದರೆ ತ್ರಿಕೋನ, ವೃತ್ತ, ಕತ್ತರಿ ಗುರುತು, ಚೌಕ ಕೊರೆದ ಒಂದೇ ಒಂದು ದೊಡ್ಡ ಸ್ಕ್ರೂ ಕಾಣುತ್ತದೆ. ಅದನ್ನು ಬಿಚ್ಚಿದರೆ ಡಿಸ್ಕ್ ಹೊತ್ತ ತಟ್ಟೆ ಹೊರಬರುತ್ತದೆ; ಅದನ್ನು ಹಿಡಿದಿರುವ ನಾಲ್ಕು ಚಿಕ್ಕ ಸ್ಕ್ರೂಗಳನ್ನು ತೆಗೆದು ಹೊಸದನ್ನು ಕೂರಿಸಬೇಕು. ಸ್ಲಿಮ್ ಮತ್ತು ಪ್ರೋ ಮಾದರಿಗಳಲ್ಲಿ ಈ ಬಾಗಿಲು ಹಿಂಬದಿಯಲ್ಲಿದೆ. ಹೊಸ ಡಿಸ್ಕ್ 2.5 ಇಂಚಿನ ಸಾಟಾ ಆಗಿರಬೇಕು, ದಪ್ಪ 9.5 ಮಿ.ಮೀ. ಮೀರಬಾರದು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯೂ ಇಲ್ಲಿ ಕೂರುತ್ತದೆ, ಅಲುಗಾಟಕ್ಕೆ ಹೆದರುವುದಿಲ್ಲ. ಹೊಸ ಡಿಸ್ಕ್ ಖಾಲಿ ಇರುವುದರಿಂದ ಸಿಸ್ಟಂ ಸಾಫ್ಟ್‌ವೇರ್ ಅನ್ನು ಪೆನ್ ಡ್ರೈವಿನಿಂದ ಹಾಕಬೇಕು. ಸೋನಿಯ ಅಧಿಕೃತ ತಾಣದಲ್ಲಿ ಎರಡು ಫೈಲುಗಳಿರುತ್ತವೆ. ಬೇಕಾದದ್ದು ಸುಮಾರು 1 ಜಿಬಿಯ ಮರುಸ್ಥಾಪನೆಯ ಫೈಲ್, ಅಪ್‌ಡೇಟ್‌ಗೆಂದು ಇರುವ ಚಿಕ್ಕದಲ್ಲ. ಪವರ್ ಬಟನ್ ಅನ್ನು ಎರಡನೇ ಬೀಪ್ ಕೇಳುವವರೆಗೆ, ಅಂದರೆ ಸುಮಾರು 7 ಸೆಕೆಂಡು ಒತ್ತಿ ಹಿಡಿದರೆ ಸೇಫ್ ಮೋಡ್ ಬರುತ್ತದೆ. ಕಂಟ್ರೋಲರನ್ನು ಕೇಬಲ್‌ನಿಂದ ಜೋಡಿಸಿ ಏಳನೇ ಆಯ್ಕೆ ಒತ್ತಬೇಕು. ಯಂತ್ರ ಹೊಸದಾಗಿ ಎದ್ದ ಮೇಲೆ ಬ್ಯಾಕಪ್ಪನ್ನು ಮರಳಿ ತುಂಬುವುದಷ್ಟೇ ಉಳಿಯುತ್ತದೆ.

ಇಷ್ಟೆಲ್ಲ ತಲೆನೋವು ಏಕೆ, ಕಂಪ್ಯೂಟರ್ ಅಂಗಡಿಯಲ್ಲಿ ಡಿಸ್ಕನ್ನು ನೇರ ಕ್ಲೋನ್ ಮಾಡಿಸಿದರೆ ಆಗದೇ ಎಂಬ ಪ್ರಶ್ನೆ ಸಹಜ. ಪಿಎಸ್4 ತನ್ನ ಡಿಸ್ಕಿನಲ್ಲಿ ಬರೆಯುವುದನ್ನೆಲ್ಲ ಆ ಯಂತ್ರಕ್ಕೆ ಮಾತ್ರ ಗೊತ್ತಿರುವ ಕೀಲಿಯಿಂದ ಗೂಢಲಿಪಿ ಮಾಡಿ ಬರೆಯುತ್ತದೆ. ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ವಿಂಡೋಸ್‌ಗೆ ಏನೂ ಅರ್ಥವಾಗದೆ, ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ ಎಂದು ಕೇಳಬಹುದು. ಅಲ್ಲಿ ಹೂಂ ಎಂದು ಒತ್ತಿದರೆ ಉಳಿಸಬೇಕಾದದ್ದು ಅಲ್ಲೇ ಕೈಬಿಡುತ್ತದೆ. ಅಂಗಡಿಯವರ ಕೈಚಳಕದ ಕೊರತೆ ಇದಲ್ಲ. ಕ್ಲೋನ್ ಆದ ಪ್ರತಿಯೊಳಗೆ ಏನಿದೆ, ಸರಿಯಾಗಿದೆಯೇ ಎಂದು ನೋಡಲು ಕಂಪ್ಯೂಟರಿನಲ್ಲಿ ಯಾರಿಗೂ ದಾರಿಯಿಲ್ಲ. ಕನ್ಸೋಲಿನ ಬ್ಯಾಕಪ್ ಆ ಯಂತ್ರವೇ ಓದಿ, ಅದೇ ಬರೆದ ಪ್ರತಿ. ಹಾಗಾಗಿ ಅಂಗಡಿಗೆ ಕೊಡುವುದಾದರೂ ಬ್ಯಾಕಪ್ ಮನೆಯಲ್ಲೇ ಮುಗಿಸಿ ಕೊಡಿ. ಹಳೆಯ ಡಿಸ್ಕನ್ನು ವಾಪಸ್ ಕೇಳಿ ಪಡೆಯಿರಿ, ಹೊಸದರಲ್ಲಿ ಎಲ್ಲ ಸೇವ್‌ಗಳೂ ತೆರೆದುಕೊಂಡವೆಂದು ಖಾತ್ರಿಯಾಗುವ ತನಕ ಅದನ್ನು ಯಾವುದಕ್ಕೂ ಬಳಸಬೇಡಿ.

ಯಂತ್ರ ಬಿಚ್ಚಿದರೆ ವಾರಂಟಿ ಹೋಗುತ್ತದೆಂಬ ಭಯಕ್ಕೂ ಇಲ್ಲಿ ಆಧಾರವಿಲ್ಲ. ಪಿಎಸ್4ರಲ್ಲಿ ಡಿಸ್ಕ್ ಬದಲಿಸುವ ವಿಧಾನವನ್ನು ಸೋನಿಯೇ ತನ್ನ ಕೈಪಿಡಿಯಲ್ಲಿ ವಿವರಿಸಿದೆ. ಈ ಬಾಗಿಲು ಎಲ್ಲ ಕನ್ಸೋಲುಗಳಿಗೂ ಇಲ್ಲ. ಎಕ್ಸ್‌ಬಾಕ್ಸ್ ಒನ್‌ನ ಒಳಗಿನ ಡಿಸ್ಕನ್ನು ಬಳಕೆದಾರರೇ ಬದಲಿಸಲು ಮೈಕ್ರೋಸಾಫ್ಟ್ ದಾರಿ ಇಟ್ಟಿರಲಿಲ್ಲ. 2021ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದ ಪಿಎಸ್5ರಲ್ಲಿ 825 ಜಿಬಿ ಎಸ್‌ಎಸ್‌ಡಿಯ ಚಿಪ್ಪುಗಳನ್ನು ಮುಖ್ಯ ಬೋರ್ಡಿಗೇ ಬೆಸೆದಿದ್ದಾರೆ. ಅದೇ ವರ್ಷ ಸೆಪ್ಟೆಂಬರ್‌ನ ಅಪ್‌ಡೇಟ್ ಬಳಿಕ ಎಂ.2 ಎಸ್‌ಎಸ್‌ಡಿ ಸೇರಿಸಬಹುದಾದರೂ ಒಳಗಿನದನ್ನು ತೆಗೆಯಲಾಗದು. ಪಿಎಸ್5 ಆಟಗಳ ಸೇವ್ ಅನ್ನು ಪೆನ್ ಡ್ರೈವಿಗೆ ಬಿಡಿಯಾಗಿ ನಕಲು ಮಾಡಲೂ ಬಿಟ್ಟಿಲ್ಲ. ಪೂರ್ತಿ ಬ್ಯಾಕಪ್ ಅಥವಾ ಚಂದಾದ ಕ್ಲೌಡ್, ಎರಡೇ ದಾರಿ. ಸರ್ವಿಸ್ ಸೆಂಟರ್ ಹತ್ತಿರವಿಲ್ಲದ ಊರಿನವರಿಗೆ ಇಂಥ ವಿನ್ಯಾಸ ಹೆಚ್ಚು ದುಬಾರಿಯಾಗುತ್ತದೆ. ದುರಸ್ತಿಯ ಹಕ್ಕಿಗಾಗಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆದಿದೆ. ಕೆಡುವುದು ಖಚಿತವಾದ ಬಿಡಿಭಾಗವನ್ನು ಬಳಕೆದಾರರೇ ಬದಲಿಸುವಂತಿರಬೇಕು, ಅವರ ದತ್ತಾಂಶ ಅವರ ಕೈಗೆ ಸಿಗುವಂತಿರಬೇಕು ಎಂಬ ಬೇಡಿಕೆ ಕನ್ಸೋಲಿಗೂ ಅನ್ವಯಿಸಬೇಕು.

ಇಷ್ಟಕ್ಕೂ ಇದು ಆಟವಲ್ಲವೇ, ಹೋದರೆ ಹೋಯಿತು ಎನ್ನುವವರಿದ್ದಾರೆ. ಆದರೆ ಒಂದು ಕನ್ಸೋಲಿಗೆ ಮನೆಯವರು ಕೊಟ್ಟ ಹಣ ಚಿಕ್ಕದಲ್ಲ, ಮಕ್ಕಳು ಅದರಲ್ಲಿ ಕಟ್ಟಿಕೊಂಡದ್ದು ಅವರ ಪಾಲಿಗೆ ಚಿಕ್ಕದಲ್ಲ. ಡಿಸ್ಕ್ ಒಂದಕ್ಕಾಗಿ ಇಡೀ ಯಂತ್ರವನ್ನು ಗುಜರಿಗೆ ಹಾಕುವುದು ಹಣಕ್ಕೂ ನಷ್ಟ, ಮಣ್ಣಿಗೂ ಕೇಡು. ಇನ್ನೊಂದು ಲಾಭವೂ ಇದೆ: ಇಲ್ಲಿ ಕಲಿತ ಕ್ರಮ ಮೊಬೈಲಿನ ಫೋಟೋಗಳಿಗೂ, ಕಾಲೇಜಿನ ಪ್ರಾಜೆಕ್ಟಿಗೂ, ಅಂಗಡಿಯ ಲೆಕ್ಕದ ಕಂಪ್ಯೂಟರಿಗೂ ಹಾಗೆಯೇ ಅನ್ವಯಿಸುತ್ತದೆ. ಬ್ಯಾಕಪ್ ತೆಗೆಯಲು ಸಾಧ್ಯವಿರುವುದು ಡಿಸ್ಕ್ ಇನ್ನೂ ಓದುತ್ತಿರುವಾಗ ಮಾತ್ರ. ದೋಷಸಂಖ್ಯೆ ಬಂದ ಮೇಲೆ ಕಾಲ ಮಿಂಚಿರುತ್ತದೆ. ಆದ್ದರಿಂದ ಮನೆಯಲ್ಲಿ ಹಳೆಯ ಪಿಎಸ್4 ಇರುವವರು ಹೊಸ ಡಿಸ್ಕ್ ಕೊಳ್ಳುವವರೆಗೆ ಕಾಯದೆ ಈ ವಾರವೇ ಒಂದು ಪ್ರತಿ ಮಾಡಿಟ್ಟುಕೊಳ್ಳಿ.