ಕಲ್ಲುಸಂದಿಯ ಅಶ್ವತ್ಥ

ಗೋಕಾಕ ಜಲಪಾತದ ದಡದಲ್ಲಿ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯವಿದೆ. ಹುಕ್ಕೇರಿಯಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳಿವೆ. ಇಂತಹ ಪ್ರಾಚೀನ ಕಟ್ಟಡಗಳ ಶತ್ರುಗಳಲ್ಲಿ ಅಶ್ವತ್ಥವೂ ಒಂದು. ಹಣ್ಣು ತಿಂದ ಹಕ್ಕಿಯ ಹಿಕ್ಕೆಯೊಡನೆ ಬೀಜವು ಕಲ್ಲುಸಂದಿಗೆ ಬಿದ್ದು ಮೊಳೆಯುತ್ತದೆ. ಮಣ್ಣು ಅತ್ಯಲ್ಪವಾದುದರಿಂದ ಗಿಡವು ಕೆಲವು ವರ್ಷ ಕುಬ್ಜವಾಗಿಯೇ ಉಳಿಯುತ್ತದೆ. ಬೇರು ಒಳದಾರಿ ಕಂಡಿತೆಂದರೆ ಕಲ್ಲುಗಳನ್ನೇ ಸರಿಸಿಬಿಡುತ್ತದೆ.

ಬೇರಿಗೆ ಎಡೆಯಿಲ್ಲದಿದ್ದರೆ ಮರವು ಗಿಡ್ಡಾಗುವುದೆಂಬ ಈ ನಿಯಮವೇ ಬೋನ್ಸಾಯ್ ಕಲೆಗೂ ಆಧಾರ. ಚೀನಾದ ರಾಜಕುಮಾರ ಲೀ ಷಿಯನ್‌ನ ಗೋರಿಯಲ್ಲಿ, ಕ್ರಿ.ಶ. 706ರ ಸುಮಾರಿನ ಭಿತ್ತಿಚಿತ್ರದೊಳಗೆ, ತಟ್ಟೆಯಲ್ಲಿ ಕಿರುಗಿಡಗಳನ್ನು ಹಿಡಿದ ಪರಿಚಾರಕರನ್ನು ಕಾಣಬಹುದು. ಜಪಾನಿನ 1309ರ ಚಿತ್ರಸುರುಳಿಯೊಂದರಲ್ಲಿಯೂ ಕುಂಡದ ಕುಬ್ಜವೃಕ್ಷಗಳಿವೆ.

ಅಶ್ವತ್ಥವು ಎಲೆಯುದುರಿಸುವ ಅಗಲೆಲೆಯ ಮರ. ಅದರ ತುದಿಚಿಗುರು ಕೆಳಗಿನ ಮೊಗ್ಗುಗಳನ್ನು ಅಡಗಿಸಿಡುತ್ತದೆ. ತುದಿಯನ್ನು ಚಿವುಟಿದರೆ ಪಕ್ಕದ ಮೊಗ್ಗುಗಳು ಎಚ್ಚತ್ತು ರೆಂಬೆಗಳು ಕವಲೊಡೆಯುತ್ತವೆ. ಎಲೆ ಉದುರಿದಾಗ ರೆಂಬೆಗಳ ವಿನ್ಯಾಸವು ಸ್ಪಷ್ಟವಾಗಿ ಕಾಣುವುದರಿಂದ, ಹೊಸ ಚಿಗುರಿಗೆ ಮುನ್ನ ಸವರುವುದು ಯುಕ್ತ. ಜಪಾನಿನಲ್ಲಿ ಈ ವಿಶ್ರಾಂತಿಯನ್ನು ತರುವುದು ಹಿಮಗಾಲ. ನಮ್ಮ ಬಯಲುಸೀಮೆಯಲ್ಲಿ ತರುವುದು ಮಾಘ-ಫಾಲ್ಗುಣಗಳ ಒಣಹವೆ. ಆದುದರಿಂದ ಅಲ್ಲಿಯ ಪಂಚಾಂಗವನ್ನು ಇಲ್ಲಿ ಯಥಾವತ್ತಾಗಿ ಅನುಸರಿಸಲಾಗದು.

ಇತಿಹಾಸದ ವಿದ್ಯಾರ್ಥಿಗೆ ಇದರಿಂದ ಒಂದು ಪಾಠವಿದೆ. ದೇವಾಲಯದ ಗೋಡೆಯ ಗಿಡವನ್ನು ವರ್ಷಕ್ಕೊಮ್ಮೆ ಮೇಲುಮೇಲೆ ಕಡಿಯುವವನು ಅದನ್ನು ನಾಶಮಾಡುತ್ತಿಲ್ಲ. ಅರಿಯದೆಯೇ ಬೋನ್ಸಾಯ್ ಬೆಳೆಸುತ್ತಿದ್ದಾನೆ. ಕತ್ತರಿಸಿದಷ್ಟೂ ಚಿಗುರುಗಳು ಹೆಚ್ಚುತ್ತವೆ, ಬೇರು ಒಳಗೇ ಬಲಿಯುತ್ತದೆ. ಸಸಿ ಎಳೆಯದಾಗಿರುವಾಗಲೇ, ಪುರಾತತ್ತ್ವ ಇಲಾಖೆಯ ತಜ್ಞರ ಮೇಲ್ವಿಚಾರಣೆಯಲ್ಲಿ, ಬೇರುಸಹಿತ ತೆಗೆಯಿಸುವುದೇ ಸರಿಯಾದ ಕ್ರಮ. ಕುಂಡದಲ್ಲಿ ಕಲೆಯೆನಿಸುವ ಕತ್ತರಿಯ ಕೆಲಸವು ಶಿಲೆಯ ಮೇಲೆ ಕೇಡಾಗಿ ಪರಿಣಮಿಸುತ್ತದೆ.